ಐದು ನಿಮಿಷದ ಹಿರಿತನ

ದೇಶದ ಮಾಜಿ ಮುಖ್ಯ ನ್ಯಾಯಮೂರ್ತಿಗಳ ಪಟಗಳ ಸಾಲಿಗೆ ಆ ದಿನ ಹೊಸದೊಂದು ಸೇರಿತು. ಮುಂದಿನ ಸಾಲಿನಲ್ಲಿ ಹೆಂಡತಿಯೊಡನೆ ಕೂತಿದ್ದ ನಿವೃತ್ತ ನ್ಯಾಯಮೂರ್ತಿಯೊಬ್ಬರ ಹೊಟ್ಟೆಗೆ ಕಿಚ್ಚು ಬಿದ್ದಿತ್ತು.

"ಮೂಗು ಹೇಗೆ ನೆಟ್ಟಗೆ ಬರೆಸಿಕೊಂಡಿದ್ದಾನೆ ನೋಡು!" ಎಂದರು ಹೆಂಡತಿಗೆ.

"ಅಲ್ಲಾ, ನೀವಿಬ್ಬರೂ ಇಲ್ಲಿ ಒಂದೇ ದಿನ ಜಡ್ಜಾದವರಲ್ವೇನ್ರೀ?"

"ಒಂದೇ ದಿನ ಕಣೇ. ಅವನು ಐದು ನಿಮಿಷ ಮೊದಲು ಪ್ರಮಾಣವಚನ ತಗೊಂಡ. ಅಷ್ಟಕ್ಕೇ ಸೀನಿಯರ್ ಆಗಿಬಿಟ್ಟ, ಮುಖ್ಯ ನ್ಯಾಯಮೂರ್ತಿ ಕುರ್ಚಿ ಅವನ ಪಾಲಾಯ್ತು. ನನ್ನ ಒಂದು ತೀರ್ಪಿಗೆ ಅವನ ಹತ್ತು ಸಮ ಇಲ್ಲ!"

ಅಷ್ಟರಲ್ಲಿ ಪಟದ ಒಡೆಯರೇ ಮೈಕಿನ ಮುಂದೆ ನಿಂತು ಇವರತ್ತ ಕೈತೋರಿದರು. "ಈ ಗೌರವ ನನ್ನ ಈ ಗೆಳೆಯರದು. ಅಂದು ಪ್ರಮಾಣವಚನಕ್ಕೆ ಕರೆದಾಗ ನಾನು ಬಾಗಿಲಲ್ಲೇ ಹಿಂಜರಿದಿದ್ದೆ. ಬೆನ್ನು ತಟ್ಟಿ, 'ಮೊದಲು ನೀವು ಹೋಗಿ' ಅಂತ ಕಳಿಸಿದವರು ಇವರೇ. ಅಂಥ ದೊಡ್ಡ ಮನಸ್ಸು ಯಾರಿಗಿದೆ?"

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಂಡತಿಯ ಕಣ್ಣು ತುಂಬಿ ಬಂತು.

"ಇಷ್ಟು ವರ್ಷದಲ್ಲಿ ನನಗೊಂದು ಮಾತೂ ಹೇಳಲಿಲ್ಲವಲ್ಲಾ! ಯಾಕ್ರೀ ಬಿಟ್ಟುಕೊಟ್ಟಿರಿ?"

ಅವರು ಆಕೆಯ ಕಿವಿಯ ಬಳಿ ಬಾಗಿದರು.

"ರಾಹುಕಾಲ ಮುಗಿಯೋಕೆ ಇನ್ನೂ ಐದು ನಿಮಿಷ ಇತ್ತು ಕಣೇ."