ಕಾರ್ನರ್ ಡಿಫೆಂಡರ್

ಸಂಜೆಯಾದರೆ ಸಲೂನಿನ ಹೊರಗಿನ ಬೆಂಚಿನಲ್ಲಿ ಹಿರಿಯರೊಬ್ಬರಿಗೂ ಬೀದಿಯ ಟೈಲರ್‌ಗೂ ಜಗಳ ಶುರುವಾಗುತ್ತಿತ್ತು. ಇಬ್ಬರಿಗೂ ಕಬಡ್ಡಿ ಹುಚ್ಚು. ತಮ್ಮ ವಲಯದಲ್ಲಿ ಅಂಕಣದ ಮೂಲೆ ಕಾಯುತ್ತ ರೈಡರ್‌ನನ್ನು ಹಿಡಿಯುವ ಕಾರ್ನರ್ ಡಿಫೆಂಡರ್‌ಗಳಲ್ಲಿ ಯಾರು ಮೊದಲು ಎಂಬುದೇ ವಾದ. ಹಿರಿಯರದು ಮಾದಪ್ಪನ ಪಕ್ಷ, ಟೈಲರ್‌ನದು ಶಿವನಂಜನ ಪಕ್ಷ. ಹೆಂಡತಿ ತೀರಿಕೊಂಡ ಮೇಲೆ ಹಿರಿಯರು ಇಡೀ ದಿನದಲ್ಲಿ ಯಾರೊಂದಿಗಾದರೂ ಮಾತಾಡುತ್ತಿದ್ದುದು ಇಲ್ಲಿ ಮಾತ್ರ.

"ನಿಮ್ಮ ಮಾದಪ್ಪ ಕಾಲು ಹಿಡಿಯೋದ್ರಲ್ಲಿ ಗಟ್ಟಿ ಸಾರ್, ಇಲ್ಲ ಅನ್ನಲ್ಲ. ಆದ್ರೆ ಬಲು ನಿಧಾನ," ಎಂದ ಟೈಲರ್.

"ನಿಧಾನ ಅಲ್ಲ ಕಣಯ್ಯ, ರೈಡರ್ ತಿರುಗೋವರೆಗೂ ಕಾಯ್ತಾನೆ. ನಿನ್ನ ಶಿವನಂಜ ಆತುರಗಾರ. ಮೊನ್ನೆ ಸೆಮಿಫೈನಲ್‌ನಲ್ಲಿ ಸುಮ್ನೆ ನುಗ್ಗಿ ಪಾಯಿಂಟ್ ಕೊಟ್ಟು ಬರ್ಲಿಲ್ವಾ?"

ಟೈಲರ್ ತಲೆ ಕೆರೆದುಕೊಂಡು ನಕ್ಕ. "ಆಯ್ತು ಸಾರ್, ಸೋತೆ. ಮಾದಪ್ಪನೇ ಮೊದಲು. ಇನ್ನು ಮಾತಾಡೋಕೇನಿದೆ? ಹಬ್ಬದ ಹೊಲಿಗೆ ರಾಶಿ ಬಿದ್ದಿದೆ, ನಾಳೆಯಿಂದ ಸಂಜೆ ಅಂಗಡೀಲೇ ಇರ್ತೀನಿ."

ಅವನು ಚಪ್ಪಲಿ ಮೆಟ್ಟಿಕೊಂಡು ಎದ್ದ.

ಹಿರಿಯರು ಅವನ ಅಂಗಿಯ ತೋಳು ಹಿಡಿದು ಎಳೆದರು. "ಕೂತ್ಕೊಳ್ಳಯ್ಯ. ಆ ಮಾದಪ್ಪ ಅದು ಹೆಂಗೆ ಮೊದಲಾಗ್ತಾನೆ?"