ಹನ್ನೆರಡನೇ ರೋಬೋ

ಅವನಿಗೆ ನಲವತ್ತೆಂಟು. ಹಳೆಯ ಜಪಾನಿ ಕಾರ್ಟೂನುಗಳ ರೋಬೋ ಬೊಂಬೆಗಳನ್ನು ಕೂಡಿಹಾಕುವ ಹುಚ್ಚು. ಬೆವರು ತಾಗಿದರೆ ಬಣ್ಣ ಕೆಡುತ್ತದೆಂದು ಹನ್ನೊಂದನ್ನೂ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದ. ತಾನೂ ಮುಟ್ಟುತ್ತಿರಲಿಲ್ಲ; ದಿನಾ ಬೆಳಿಗ್ಗೆ ಸ್ನಾನ ಮಾಡಿ ಹೊರಗಿನಿಂದಲೇ ದರ್ಶನ. ಬೀಗದಕೈ ಮಾತ್ರ, ಮನೆಯ ಉಳಿದೆಲ್ಲ ತಾಪತ್ರಯಗಳಂತೆ, ಹೆಂಡತಿಯ ಸೆರಗಿನಲ್ಲಿತ್ತು.

ಹುಟ್ಟುಹಬ್ಬಕ್ಕೆ ಅವಳು ಹನ್ನೆರಡನೆಯದನ್ನು ತಂದುಕೊಟ್ಟಳು. ಅವನು ಕೈಯಲ್ಲಿ ತೂಗಿ, ಮೂಸಿ ನೋಡಿ ನಕ್ಕ.

“ಡೂಪ್ಲಿಕೇಟು ಕಣೇ ಇದು. ಎಲ್ಲಿ ತಂದೆ?”

“ಮಾರ್ಕೆಟ್ ಹಿಂದಿನ ಗಲ್ಲೀಲಿ.”

“ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ? ಅಸಲಿ ಯಾವ್ದು, ನಕಲಿ ಯಾವ್ದು ಅಂತ ಊರೋರೆಲ್ಲ ನನ್ ಹತ್ರ ಬಂದು ಕೇಳ್ತಾರೆ.”

“ನೋಡಕ್ಕೆ ಒಂದೇ ಥರ ಇತ್ತು ರೀ.”

“ನಿನ್ನಂಥೋರಿಗೆ ಎಲ್ಲಾ ಒಂದೇ ಥರಾನೇ. ಇದನ್ನ ಒಳಗಿಟ್ರೆ ಉಳಿದವಕ್ಕೆ ಅವಮಾನ. ವಾಪಸ್ ಕೊಟ್ಬಿಡು.”

ಅವಳು ಬೊಂಬೆಯನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

“ಕೊಡ್ತೀನಿ ಬಿಡಿ. ಆ ಹನ್ನೊಂದೂ ಅದೇ ಅಂಗಡೀದೇ. ನಿಮ್ಮಮ್ಮನ ಆಪರೇಷನ್‌ಗೆ ಅಂತ ಅಸಲಿಗಳನ್ನೆಲ್ಲ ಮಾರಿದ ದಿನ ತಂದಿಟ್ಟಿದ್ದು.”