ಬಾಗಿನದ ಚೀಲ

ಬಹುಮಾನ ಬಂದ ತನ್ನ ಕವನ ಸಂಕಲನವನ್ನು ಅಕ್ಕನ ಮುಂದಿಟ್ಟು ತಮ್ಮ ತಲೆ ತಗ್ಗಿಸಿ ಕೂತ. ಮೂರು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಟ್ಟು ಮರಳಿದಾಗ, ಖಾಲಿ ಚೀಲದಲ್ಲಿ ಅವಳ ಡೈರಿ ಹೇಗೋ ಸೇರಿಕೊಂಡು ಬಂದಿತ್ತು. ಮರುವರ್ಷ ಬಾಗಿನದ ಜೊತೆ ತಂದು, ತೆಪ್ಪಗೆ ಅವಳ ಕಪಾಟಿನಲ್ಲಿಟ್ಟು ಹೋಗಿದ್ದ. ಅಷ್ಟರಲ್ಲಿ ಅದರ ಪುಟಪುಟವೂ ಅವನ ಕೈಯಲ್ಲಿ ಪದ್ಯವಾಗಿತ್ತು.

ಅಕ್ಕ ಮೊದಲ ಪದ್ಯ ಓದಿದಳು: ‘ಗಂಡ ಬಾಗಿಲ ಸಂದಿಗಿಟ್ಟು ಜಜ್ಜಿದ ಬೆರಳಲ್ಲೇ ಅವನಿಗೆ ಅನ್ನ ಬಡಿಸಿದೆ.’

“ಎಲ್ಲಾ ನಿನ್ನ ಮಾತೇ ಅಕ್ಕಾ. ಕದ್ದು ಓದಿಬಿಟ್ಟೆ, ತಪ್ಪಾಯ್ತು.”

“ಕದ್ದಿದ್ದೆಲ್ಲಿ ಬಂತು? ಚೀಲಕ್ಕೆ ಹಾಕಿದ್ದು ನಾನೇ.”

ತಮ್ಮನಿಗೆ ಹೋದ ಜೀವ ಬಂದಂತಾಯಿತು. “ನಾನು ಬರೀಲಿ ಅಂತಾನಾ?”

ಅಕ್ಕ ಡೊಂಕು ಬೆರಳಿನಿಂದ ಪುಸ್ತಕ ಮುಚ್ಚಿದಳು.

“ಬಂದು ಕರ್ಕೊಂಡು ಹೋಗ್ಲಿ ಅಂತ ಕಣೋ.”